ಕರುವಿನ ಪಾಲು



ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಅರಸರ ಹೆಸರುಗಳು ಬಾಯಿಗೆ ಬರುತ್ತವೆ. ಯುದ್ಧಗಳ ವರ್ಷಗಳೂ ನೆನಪಿರುತ್ತವೆ. ಆದರೆ ಆ ಅರಸರು ಒಬ್ಬರ ಹಿಂದೊಬ್ಬರು ಸಾಕಿಕೊಂಡು ಬಂದ ಒಂದು ದನದ ಹಿಂಡಿಗೆ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಮೂರು ಹೆಸರುಗಳು ಬಂದುವೆಂಬುದನ್ನು ನಮ್ಮಲ್ಲಿ ಗಮನಿಸಿದವರು ಕಡಮೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಅದು ಕರುಹಟ್ಟಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಟಿಪ್ಪುಸುಲ್ತಾನನ ಕಾಲದಲ್ಲಿ ಅದು ಅಮೃತ ಮಹಲು. ಮೊದಲನೆಯ ಹೆಸರಿನಲ್ಲಿ ಕರುವಿದೆ, ಎರಡನೆಯದರಲ್ಲಿ ಬೆಣ್ಣೆಯಿದೆ. ಕರುವಿಗೂ ಬೆಣ್ಣೆಗೂ ನಡುವೆ ಹಳೆಯ ವ್ಯಾಜ್ಯವೊಂದುಂಟು. ಹಸುವಿನ ಕೆಚ್ಚಲಲ್ಲಿ ಇಳಿಯುವ ಹಾಲು ಯಾರದು, ಮನೆಯವರದೊ, ಕರುವಿನದೊ? ಕೊಟ್ಟಿಗೆಯಿರುವ ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೆ ಎರಡು ಸಲ ಈ ವ್ಯಾಜ್ಯ ತೀರ್ಮಾನವಾಗುತ್ತದೆ. ರಾಜ್ಯಗಳೂ ಅದನ್ನು ತೀರ್ಮಾನಿಸಿದ್ದುಂಟು. ಆ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿರುವೆನು.

ಈ ವ್ಯಾಜ್ಯದಲ್ಲಿ ನಾನು ಬಾಲ್ಯದಲ್ಲಿಯೇ ಒಬ್ಬ ಪಕ್ಷಗಾರನಾಗಿದ್ದೆ. ಬೇಸಗೆಯ ರಜದಲ್ಲಿ ತರೀಕೆರೆಯ ಕಡೆಯ ನಮ್ಮ ತಾತನವರ ಹಳ್ಳಿಗೆ ಹೋಗುವುದು ವಾಡಿಕೆ. ನೇಗಿಲು ಹಿಡಿಯುವ ಶಕ್ತಿ ನನಗಿರಲಿಲ್ಲ. ಹಾಲು ಕರೆಯಲು ಕೈ ಬಾರದು. ಆದುದರಿಂದ ಕರು ಹಿಡಿಯುವ ಉದ್ಯೋಗ ನನ್ನ ಪಾಲಿಗೆ ಬಂದಿತು. ಕೆಲಸ ಸುಲಭವೆಂದು ಭಾವಿಸಬೇಡಿ. ಗೂಟದಲ್ಲಿದ್ದ ಕಣ್ಣಿಯನ್ನು ಬಿಚ್ಚಿದೊಡನೆ ಕರು ನನ್ನನ್ನೂ ಎಳೆದುಕೊಂಡು ತಾಯಿಯ ಬಳಿಗೆ ಓಡುವುದು, ಕೆಚ್ಚಲನ್ನು ಮೂತಿಯಿಂದ ನಾಲ್ಕು ಸಲ ಗುದ್ದುವುದು, ತಾಯಿ ಹಾಲಿಳಿಸುವುದು. ಕರುವಿನ ಬಾಯ ಅಂಚಿನಲ್ಲಿ ನೊರೆ ಕಾಣಿಸಿದ ಆ ಗಳಿಗೆಯಲ್ಲಿಯೇ ನಾನು ಅದನ್ನು ಹಿಂದಕ್ಕೆಳೆದು ತಾಯಿಯ ಮುಂಗಾಲಿಗೆ ಕಟ್ಟಬೇಕು. ತಾಯಿ ಕರುವನ್ನು ನೆಕ್ಕುತ್ತ ನಿಲ್ಲುವುದು. ನಮ್ಮತ್ತೆ ಚೊಂಬು ಹಿಡಿದು ಕೂಡುವರು. ಮೂರು ಮೊಲೆ ಮನೆಗೆ, ಒಂದು ಮೊಲೆ ಕರುವಿಗೆ ಎಂಬುದು ಆ ಮನೆಯ ಕಟ್ಟಳೆ. ನೆಂಟರು ಬಂದ ದಿನ ಆ ನಾಲ್ಕನೆಯ ಮೊಲೆಗೂ ಕೈ ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಗ ಕಣ್ಣಿ ಹಿಡಿದು ನಿಂತ ನನಗೆ, ಕಳ್ಳತನದಲ್ಲಿ ದೀಪ ಹಿಡಿದವನಿಗೆ ಆಗುವಂಥ ಸಂಕೋಚ ಆಗುತ್ತಿತ್ತು.

ಮಿಕ್ಕ ಹೊತ್ತಿನಲ್ಲಿ ಕರುಗಳ ಮೈಯಿಂದ ಉಣ್ಣೆ ಹೆಕ್ಕುವುದು, ಮಣ್ಣು ತಿನ್ನದಂತೆ ಬಾಯಿಗೆ ಕುಕ್ಕೆ ಕಟ್ಟುವುದು, ಎಳೆಯ ಗರಿಕೆಯನ್ನು ತಂದು ಬಾಯಿಗಿಡುವುದು, ತೇವವಾದ ಹುಲ್ಲನ್ನು ತೆಗೆದು ಒಣಹುಲ್ಲು ಹಾಸುವುದು, ಇವು ನನ್ನ ಕೆಲಸಗಳು. ದನ ಕಾಯುವ ಮುದುಕನೊಬ್ಬ ನನಗೆ ಗುರು. ಅವನು ಶಾಲೆಯ ಬಾಗಿಲು ಕಂಡವನಲ್ಲ.

ಒಂದು ವರ್ಷ ವೈಶಾಖದಲ್ಲಿ ಗೌರಿಯೆಂಬ ಹಸು ರಾತ್ರಿ ಈದಿತು. ಬೆಳಗಾಗುತ್ತಲೆ ಅಜ್ಜಿಯವರು ಅರಿಶಿನದಂತೆ ಹಳದಿಯಾದ ಮೊದಲ ಹಾಲನ್ನು ಪಾತ್ರೆ ತುಂಬ ಕರೆಸಿ, ಬೆಲ್ಲ ಏಲಕ್ಕಿ ಕೂಡಿಸಿ ಗಿಣ್ಣು ಮಾಡಿದರು. ನೆರೆಹೊರೆಗೆ ಗಿಣ್ಣು ಬೀರುವುದು ಹಿರಿಯರ ಮರ್ಯಾದೆ. ಹನ್ನೊಂದು ಮನೆಗಳಿಗೆ ಹೋಯಿತು. ಹಂಚಿದವನು ನಾನೇ. ಕರು ಎದ್ದು ನಿಲ್ಲಲಾರದೆ ಮಲಗಿದ್ದಿತು. ದಣಿದಿದೆ, ಮಲಗಲಿ ಎಂದುಕೊಂಡೆವು. ಅದು ತಾಯಿಯ ಮೊಲೆಗೆ ಬಾಯಿ ಹಾಕಿದ್ದು ಮರುದಿನ ಮಧ್ಯಾಹ್ನ. ಮೂರನೆಯ ದಿನ ಬಿಳಿಯ ಭೇದಿ ಪ್ರಾರಂಭವಾಯಿತು. ನಾಲ್ಕನೆಯ ದಿನ ಸತ್ತಿತು. ತಾತನವರು ದೃಷ್ಟಿಯಾಯಿತೆಂದರು. ಮುದುಕನು ತಲೆ ಕೆರೆದುಕೊಂಡು, ‘ಬುದ್ಧಿ, ದೃಷ್ಟಿಯೂ ಅಲ್ಲ, ಗಾಳಿಯೂ ಅಲ್ಲ. ಹನ್ನೊಂದು ಮನೆಯೋರು ಉಂಡ ಗಿಣ್ಣು ಅದರ ಹೊಟ್ಟೆಗೆ ಬೀಳ್ಲಿಲ್ಲ’ ಎಂದನು. ತಾತನವರು ಉತ್ತರ ಕೊಡಲಿಲ್ಲ. ಮರುದಿನ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಗೌರಿಯ ಮುಂದೆ ನಿಲ್ಲಿಸಿದರು. ಅದು ನೆಕ್ಕುತ್ತ ಹಾಲಿಳಿಸಿತು. ಕರು ಹಿಡಿಯುವ ಕೆಲಸ ಆ ಹೊತ್ತು ನನಗಿರಲಿಲ್ಲ.

ನಾಡಹಸುಗಳ ಸ್ವಭಾವವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಕರು ಮುಟ್ಟದೆ, ಕರು ಕಾಣದೆ, ಇವುಗಳಲ್ಲಿ ಬಹುಪಾಲು ಹಾಲಿಳಿಸುವುದಿಲ್ಲ. ಯೂರೋಪಿನ ಹಸುಗಳು ಬಹುಕಾಲದ ತಳಿ ಆಯ್ಕೆಯಿಂದ ಕರುವಿಲ್ಲದೆಯೂ ಕೈಗೆ ಹಾಲು ಕೊಡುವ ಅಭ್ಯಾಸಕ್ಕೆ ಬಂದಿವೆ, ನಮ್ಮವು ಬಂದಿಲ್ಲ. ಆದುದರಿಂದ ನಮ್ಮ ದೇಶದಲ್ಲಿ ಕರುವು ಮನುಷ್ಯನಿಗೆ ಪ್ರತಿಸ್ಪರ್ಧಿಯೂ ಹೌದು, ಕೆಚ್ಚಲಿನ ಬೀಗದ ಕೈಯೂ ಹೌದು. ಕೊಂದರೆ ಹಾಲು ನಿಲ್ಲುವುದು. ಹೊಟ್ಟೆ ತುಂಬ ಕುಡಿಸಿದರೆ ಮನೆಗೆ ಉಳಿಯದು. ಸಾಯದಷ್ಟು, ಬೆಳೆಯದಷ್ಟು ಹಾಲನ್ನು ಅದಕ್ಕೆ ಬಿಡುವ ಒಂದು ಕೆಟ್ಟ ಜಾಣತನ ಇದರಿಂದಲೇ ಹುಟ್ಟಿತು. ಎರಡು ವರ್ಷವಾದರೂ ಒಂದು ವರ್ಷದಂತೆ ಕಾಣುವ ಕಡಸುಗಳು, ಹೊಟ್ಟೆ ಮಾತ್ರ ದೊಡ್ಡದಾದ ಹೋರಿಗರುಗಳು, ಆ ಜಾಣತನದ ಫಲ.

ಇದು ಹೊಸ ಜಾಣತನವೂ ಅಲ್ಲ. 1905ರ ಸುಮಾರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟನ್ನು ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಪ್ರಪಂಚದ ವಿದ್ವಾಂಸರೆಲ್ಲ ಅದರ ರಾಜನೀತಿಯನ್ನೂ ಗೂಢಚಾರರನ್ನೂ ಕುರಿತು ಚರ್ಚೆ ಮಾಡಿದರು. ಗೋಧ್ಯಕ್ಷನ ಪ್ರಕರಣವನ್ನು ಅಷ್ಟು ಆಸಕ್ತಿಯಿಂದ ಓದಿದವರು ವಿರಳ. ನನಗಾದರೊ ಆ ಗ್ರಂಥದಲ್ಲಿ ಅತ್ಯಂತ ಲೋಕಜ್ಞಾನವುಳ್ಳ ಭಾಗವೆಂದರೆ ಅದೇ. ನೂರು ದನಗಳಿಗೆ ಒಂದು ತಂಡದಂತೆ ಕಾಯುವವನು, ಎಮ್ಮೆ ಮೇಯಿಸುವವನು, ಕರೆಯುವವನು, ಕಡೆಯುವವನು, ಮೃಗಗಳನ್ನು ಅಟ್ಟುವ ಬೇಟೆಗಾರನು, ಹೀಗೆ ಐದು ಜನ. ಇವರಿಗೆ ಕೂಲಿಯನ್ನು ನಗದಾಗಿ ಕೊಡಬೇಕೆಂದು ಅವನ ಮತ. ಹಾಲು ತುಪ್ಪಗಳನ್ನೇ ಕೂಲಿಯಾಗಿ ಗೊತ್ತುಮಾಡಿದರೆ ಅವರು ಕರುಗಳ ಹೊಟ್ಟೆಗೆ ಹೊಡೆದು ಅವನ್ನು ನಾಶಮಾಡುವರೆಂದು ಕಾರಣವನ್ನೂ ಹೇಳುತ್ತಾನೆ. ಮಳೆಗಾಲ, ಶರತ್ತು, ಹೇಮಂತಗಳಲ್ಲಿ ಎರಡು ಹೊತ್ತು ಕರೆಯಬಹುದು. ಶಿಶಿರ, ವಸಂತ, ಗ್ರೀಷ್ಮಗಳಲ್ಲಿ ಒಂದೇ ಹೊತ್ತು. ಮೇವು ಒಣಗಿದ ಕಾಲದಲ್ಲಿ ಎರಡನೆಯ ಹೊತ್ತು ಕರೆದವನಿಗೆ ಹೆಬ್ಬೆರಳನ್ನು ಕತ್ತರಿಸುವ ಶಿಕ್ಷೆ. ಹಾಲು ಕರೆಯಲು ಹೆಬ್ಬೆರಳು ಬೇಕೆಂಬುದನ್ನು ಬಲ್ಲವನು ಬರೆದ ಶಿಕ್ಷೆಯಿದು. ಕ್ರೂರವೆನ್ನಿ, ಅದರ ಹಿಂದೆ ಕೊಟ್ಟಿಗೆಯ ಒಳಗನ್ನು ಚೆನ್ನಾಗಿ ಕಂಡ ಕಣ್ಣಿದೆ. ಮನುಷ್ಯನ ದಯೆಯನ್ನು ನಂಬಿ ಕರುವನ್ನು ಉಳಿಸಲಾಗದೆಂದು ತಿಳಿದೇ ಅವನು ಸಂಬಳದ ಕ್ರಮವನ್ನು ಬದಲಾಯಿಸಿದನು.

ಕನ್ನಡನಾಡಿನ ಶಾಸನಗಳ ಕಲ್ಲುಗಳನ್ನು ನೀವು ನೋಡಿದ್ದೀರಿ. ನೆತ್ತಿಯ ಪಟ್ಟಿಕೆಯಲ್ಲಿ ಸೂರ್ಯ, ಚಂದ್ರ, ಲಿಂಗ. ಪಕ್ಕದಲ್ಲಿ ಕರುವಿಗೆ ಹಾಲೂಡುತ್ತಿರುವ ಹಸು. ದಾನವು ಆಚಂದ್ರಾರ್ಕವಾಗಿ ನಡೆಯಲೆಂಬುದಕ್ಕೆ ಸೂರ್ಯಚಂದ್ರರು. ದಾನವೆಂದರೆ ಏನೆಂಬುದಕ್ಕೆ ಆ ಹಸು. ಕರುವನ್ನು ಆಚೆಗೆಳೆದು ಕರೆಯುವ ಚಿತ್ರವನ್ನು ಶಿಲ್ಪಿಯು ಅಲ್ಲಿ ಕೆತ್ತಲಿಲ್ಲ.

ಇನ್ನು ಕರುಹಟ್ಟಿಯ ಕಥೆಗೆ ಬರೋಣ. 1572ರಿಂದ ಮುಂದಕ್ಕೆ ಶ್ರೀರಂಗಪಟ್ಟಣದ ಪ್ರತಿನಿಧಿಗಳು ವಿಜಯನಗರದ ಸೀಮೆಯಿಂದ ಹಸುಗಳನ್ನು ತರಿಸಿ ಸಾಕಿದರೆಂದೂ ಆ ಸ್ಥಾಪನೆಗೆ ಕರುಹಟ್ಟಿಯೆಂದು ಹೆಸರಿದ್ದಿತೆಂದೂ ಪರಂಪರೆಯಿಂದ ತಿಳಿಯಬರುತ್ತದೆ. ಬರಿಯ ಹೆಸರನ್ನು ಹಿಡಿದು ಚರಿತ್ರೆಯನ್ನು ಕಟ್ಟುವುದು ಅಪಾಯ. ಆದರೂ ದನದ ಹಟ್ಟಿಯನ್ನು ದನದ ಹೆಸರಿನಿಂದ ಕರೆಯದೆ ಕರುವಿನ ಹೆಸರಿನಿಂದ ಕರೆದವರ ಮನಸ್ಸು ಎತ್ತ ಇದ್ದಿತೆಂದು ಊಹಿಸುವುದು ತಪ್ಪಾಗಲಾರದು. ಅಲ್ಲಿಂದ ಹಿಂಡು ಒಡೆಯರ ಕೈಗೆ ಬಂದಿತು. ಅವರು ಅದಕ್ಕೆ ಕಾವಲುಗಳನ್ನು ಬಿಡಿಸಿಕೊಟ್ಟರು. ಕಾವಲೆಂದರೆ ಬರಿಯ ಹುಲ್ಲುಗಾವಲಲ್ಲ. ಹಿಂಡನ್ನು ಪಂಗಡಗಳಾಗಿ ಹಂಚಿ, ಒಂದೊಂದು ಪಂಗಡಕ್ಕೆ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಕಾವಲನ್ನು ಗೊತ್ತುಮಾಡಿದ್ದರು. ಬೇಸಗೆಯ ಕಾವಲಿಗೆ ಕೆರೆಯಂಗಳದ ಹಸುರೂ ಮರದ ನೆರಳೂ ಬೇಕು. ನೆರಳಿಲ್ಲದ ಬಯಲಿನಲ್ಲಿ ಚೈತ್ರದ ಬಿಸಿಲು ಮೊದಲು ಬಲಿತೆಗೆದುಕೊಳ್ಳುವುದು ಎಳಗರುವನ್ನು.

ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ ಖ್ಯಾತಿ ಅವರದು. ಲೆಕ್ಕಪತ್ರಗಳಲ್ಲಿ ಬಹು ನಿಷ್ಠುರರಾದ ಈ ಅರಸರ ಕಾಲದಲ್ಲಿ ಹಿಂಡಿನ ಇಲಾಖೆಗೆ ಬೆಣ್ಣೆ ಚಾವಡಿಯೆಂದು ಹೆಸರಾಯಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ನಗರಕ್ಕೆ ಹತ್ತಿರವಾದ ಹಟ್ಟಿಗೆ ಯಾವಾಗಲೂ ಇದೇ ಗತಿ.

ಹೈದರ್ ಅಲಿ ಬಂದ ಮೇಲೆ ಲೆಕ್ಕ ಬದಲಾಯಿತು. ಅವನಿಗೆ ಬೇಕಾದುದು ಬೆಣ್ಣೆಯಲ್ಲ. ತೋಪನ್ನು ಎಳೆಯುವ ಎತ್ತು. ಅವನ ಬಳಿ 60,000ಕ್ಕೆ ಕಡಮೆಯಿಲ್ಲದಷ್ಟು ಎತ್ತುಗಳಿದ್ದುವೆಂದು ಹೇಳಿಕೆ. 1781ರಲ್ಲಿ ಚಿದಂಬರದ ಸಹಾಯಕ್ಕಾಗಿ ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದೂ, ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ತೋಪುಗಳನ್ನು ಎಳೆದುಕೊಂಡು ಹೋಗುವ ಬಲ ಅವನ ಎತ್ತುಗಳಿಗಿದ್ದಿತೆಂದೂ ಇಂಗ್ಲಿಷ್ ಗ್ರಂಥಕಾರರೇ ಬರೆದಿರುವರು. ಹಳ್ಳಿಕಾರಿನ ಮೂಲ ಹಿಂಡಿಗೆ ಚಿತ್ರದುರ್ಗ, ಹಾಗಲವಾಡಿ ಪಾಳೆಯಗಾರರ ದನಗಳೂ ಕೂಡಿಕೊಂಡುವು. ಟಿಪ್ಪುವು ಬೆಣ್ಣೆ ಚಾವಡಿಯೆಂಬ ಹೆಸರನ್ನು ತೆಗೆದು ಅಮೃತ ಮಹಲೆಂದು ಇಟ್ಟನು. ದನಗಳ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. ಅವನನ್ನು ಸೋಲಿಸಿದ ಆಂಗ್ಲರು ಅವನ ಅನೇಕ ಏರ್ಪಾಡುಗಳನ್ನು ಅಳಿಸಿದರೂ ಈ ನಿಯಮಗಳನ್ನು ಮುಂದೆ ಬಹುಕಾಲ ಅನುಸರಿಸಿದರು.

ಹೆಸರಿಗೆ ಅಮೃತ, ಅಮೃತವೆಂದರೆ ಇಲ್ಲಿ ಹಾಲೇ. ಆದರೆ ಈ ಮಹಲಿನ ಹಾಲು ಕರುಗಳಿಗೇ ಮೀಸಲಾಯಿತೆಂಬುದು ಆಶ್ಚರ್ಯದ ಸಂಗತಿ. ಅಮೃತಮಹಲಿನ ಹಸು ಹಾಲಿಗೆ ಹೆಸರಾದುದಲ್ಲ. ಕೊಡುವ ಅಲ್ಪ ಹಾಲು ಕರುವಿನ ಹೊಟ್ಟೆಗೇ ಸರಿ. ಕಾವಲಿನ ಬಯಲಿನಲ್ಲಿ ಅದು ಈಯುವುದು. ಅಪರಿಚಿತನು ಹತ್ತಿರ ಸುಳಿದರೆ ಕೊಂಬು ಬಾಗಿಸಿ ನುಗ್ಗುವುದು. ಅಂಥ ತಾಯಿಯ ಮುಂಗಾಲಿಗೆ ಕರುವನ್ನು ಕಟ್ಟಿ ಕರೆಯಲು ಹೋಗುವ ಧೀರನು ಎಲ್ಲಿ? ಕರುವಿಗೆ ಮೂರು ಮೊಲೆ, ಒಂದು ಮೊಲೆಯೆಂಬ ಪಾಲಿಲ್ಲ, ನಾಲ್ಕೂ ಅದರದೇ. ಗಂಡುಗರುವು ತಾಯಿಯ ಹಾಲನ್ನೂ ಕಾವಲಿನ ಹುಲ್ಲನ್ನೂ ತಿಂದು ಬೆಳೆದು, ಹಳೆಯ ಎತ್ತಿನ ಜೊತೆಯಲ್ಲಿ ಕಟ್ಟಿಸಿಕೊಂಡು ಪಳಗಿ, ನೊಗಕ್ಕೆ ಬರಲು ನಾಲ್ಕೈದು ವರ್ಷ. ಏಳನೆಯ ವರ್ಷಕ್ಕೆ ಪೂರ್ಣ ಬಲ. ಹನ್ನೆರಡರ ಮೇಲೆ ಇಳಿಮುಖ. ಹದಿನೆಂಟರ ಸುಮಾರಿಗೆ ಸಾವು. ಚಿದಂಬರದ ದಾರಿಯಲ್ಲಿ ನಡೆದ ಎತ್ತಿನ ಬಲಕ್ಕೆ ಬೀಜ, ಅದು ಎಳಗರುವಾಗಿದ್ದಾಗ ಯಾರೂ ಕರೆದುಕೊಳ್ಳದೆ ಬಿಟ್ಟ ಹಾಲು.

ಟಿಪ್ಪುವು ವರ್ಷಕ್ಕೊಮ್ಮೆ ನಡೆಯುವ ದನಗಳ ಎಣಿಕೆಗೆ ಅನೇಕ ವೇಳೆ ತಾನೇ ಬಂದು ನಿಂತು ಇನಾಮು ಹಂಚುತ್ತಿದ್ದನೆಂದು ಗ್ಯಾಸೆಟಿಯರಿನಲ್ಲಿ ಹೇಳಿದೆ. ನನ್ನ ಊಹೆಯನ್ನು ಸೇರಿಸಲು ಅಪ್ಪಣೆಯಿರಲಿ. ವರ್ಷದ ಎಣಿಕೆಯಲ್ಲಿ ಕಾಣಿಸುವುದು ಬೆಣ್ಣೆಯಲ್ಲ, ಕರು. ಬದುಕಿದ ಕರುವನ್ನು ತೋರಿಸಿ ಇನಾಮು ಪಡೆಯುವ ಗೊಲ್ಲನಿಗೆ ಕರುವಿನ ಹಾಲನ್ನು ಕದ್ದು ಲಾಭವಿಲ್ಲ. ಟಿಪ್ಪುವು ಅರ್ಥಶಾಸ್ತ್ರವನ್ನು ಕಂಡವನಲ್ಲ. ಅವನ ಕಾಲಕ್ಕೆ ಆ ತಾಳೆಗರಿಗಳು ಎಲ್ಲಿಯೊ ಮೂಲೆಯಲ್ಲಿದ್ದುವು. ಕೊಟ್ಟಿಗೆಯನ್ನು ಬಲ್ಲ ಇಬ್ಬರು ಎರಡು ಸಾವಿರ ವರ್ಷಗಳ ಅಂತರದಲ್ಲಿ ಒಂದೇ ದಾರಿ ಹಿಡಿದರೆಂದು ತೋರುತ್ತದೆ.

1799ರ ಅನಂತರ ಹಿಂಡನ್ನು ಮೈಸೂರು ಸರ್ಕಾರದ ವಶಕ್ಕೆ ಬಿಟ್ಟು, ಸೈನ್ಯಕ್ಕೆ ಎತ್ತು ಒದಗಿಸಬೇಕೆಂದು ಕರಾರು ಮಾಡಿಕೊಂಡರು. ತನ್ನದಲ್ಲದ ಸೈನ್ಯಕ್ಕಾಗಿ ದನ ಸಾಕುವುದರಲ್ಲಿ ಯಾರಿಗೆ ಉತ್ಸಾಹ? ಹಿಂಡು ಕ್ಷೀಣಿಸಿತು. 1813ರಲ್ಲಿ ಮದರಾಸಿನ ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬುವರು ಅದನ್ನು ವಹಿಸಿಕೊಂಡ ಮೇಲೆ ಚೇತರಿಸಿತು. 1860ರಲ್ಲಿ ಮತ್ತೊಂದು ವಿಪತ್ತು ಬಂದಿತು. ಆಗ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್‌ರವರು ಮಿತವ್ಯಯದ ದೃಷ್ಟಿಯಿಂದ ಅಮೃತಮಹಲನ್ನು ಮುಚ್ಚಿಸಿ ದನಗಳನ್ನು ಮಾರಿಸಿದರು. ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವನಿಗೆ ಅದು ಸರಿಯೆಂದೇ ಕಾಣುವುದು. ಕರುವು ಮೊದಲ ವರ್ಷ ಬರಿಯ ಖರ್ಚು. ಎರಡನೆಯ ವರ್ಷ ಖರ್ಚು. ಮೂರನೆಯ ವರ್ಷವೂ ಖರ್ಚು. ಬೇಕಾದಾಗ ಸಂತೆಯಲ್ಲಿ ಎತ್ತು ಕೊಂಡರೆ ಆಗದೆ? ಸಂತೆಗೆ ಹೋಗಿ ನೋಡಿದರೆ ಅಂಥ ಎತ್ತುಗಳಿಲ್ಲ. ಕರುವಿಗೆ ಹಾಲು ಬಿಡುವ ಯಜಮಾನನು ಸಂತೆಗೆ ಎತ್ತು ತರುವನೆ ಹೊರತು, ಎತ್ತು ತಾನಾಗಿ ಸಂತೆಯಲ್ಲಿ ಹುಟ್ಟುವುದಿಲ್ಲ. ಐದಾರು ವರ್ಷಗಳೊಳಗೆ ಅದೇ ಸರ್ಕಾರ ಚದರಿದ ದನಗಳನ್ನು ಹುಡುಕಿ ಕೊಂಡು ತಂದು ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. 1882ರಲ್ಲಿ ಮೈಸೂರು ಸಂಸ್ಥಾನವು ಎರಡು ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆ ಕೊಟ್ಟು ಹಿಂಡನ್ನು ತನ್ನದಾಗಿ ಮಾಡಿಕೊಂಡಿತು.

ಆ ವೇಳೆಗೆ ದೊಡ್ಡ ನಗರಗಳಲ್ಲಿ ವ್ಯಾಜ್ಯವು ಬೇರೆ ರೂಪ ತಾಳಿದ್ದಿತು. ಕಲ್ಕತ್ತೆಯಂಥ ಪಟ್ಟಣದಲ್ಲಿ ಕರುವಿಗೆ ನೆಲವಿಲ್ಲ, ಹುಲ್ಲಿಗೆ ಬೆಂಕಿಯ ಬೆಲೆ. ಹಾಲು ಮಾರುವವನು ಕರುವನ್ನು ಬೇಗ ತೊಲಗಿಸುವನು. ಆ ಮೇಲೆ ಹಾಲಿಳಿಸುವುದಕ್ಕಾಗಿ ಫೂಕವೆಂಬ ಕ್ರೂರವಾದ ಉಪಾಯವನ್ನು ಹೂಡುವನು. ಅದನ್ನು ಬಣ್ಣಿಸಲು ಇದು ಸ್ಥಳವಲ್ಲ. ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ 1912ರಲ್ಲಿ ಹಾಲನ್ನು ತ್ಯಜಿಸಿದುದಕ್ಕೆ ಈ ಕ್ರೌರ್ಯದ ವರದಿಗಳು ಒಂದು ಕಾರಣವೆಂದು ಅವರ ಆತ್ಮಕಥೆಯಿಂದ ತಿಳಿಯುವುದು. ಮುಂದೆ 1927ರಲ್ಲಿ ಅವರು ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದಾಗ, 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಇಂಪೀರಿಯಲ್ ಡೈರಿ ಸಂಸ್ಥೆಗೆ ಕೆಲವು ದಿನ ವಿದ್ಯಾರ್ಥಿಯಂತೆ ಹೋಗಿ ಹೈನದ ಕೆಲಸವನ್ನು ನೋಡಿ ಕಲಿತರು. ಗೋರಕ್ಷಣೆಯನ್ನು ಭಾಷಣದಿಂದ ಬಿಡಿಸಿ ಕೊಟ್ಟಿಗೆಗೆ ತರಬೇಕೆಂಬುದು ಅವರ ಇಚ್ಛೆ.

ಯೂರೋಪಿನ ಕ್ರಮವನ್ನು ಅನುಸರಿಸುವ ಹೈನಗಳಲ್ಲಿ ಕರುವನ್ನು ಹುಟ್ಟಿದ ಕೂಡಲೆ ತಾಯಿಯಿಂದ ಬೇರ್ಪಡಿಸಿ ಬಕೇಟಿನಲ್ಲಿ ಹಾಲು ಕುಡಿಸುವರು. ಕರುವಿಗೆ ಕುಡಿಯಲು ಕಲಿಸುವ ಬಗೆ ವಿನೋದವಾಗಿದೆ. ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಡಬೇಕು. ಅದು ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೇಟಿನೊಳಕ್ಕೆ ಇಳಿಸಬೇಕು. ಮೂತಿ ಹಾಲಿಗೆ ತಾಗಿದಾಗ ಬೆರಳನ್ನು ಜಾರಿಸಬೇಕು. ಮೊದಲ ದಿನ ಅರ್ಧ ಹಾಲು ನೆಲಕ್ಕೆ, ಕಾಲು ಭಾಗ ಕಲಿಸುವವನ ಬಟ್ಟೆಗೆ. ಈ ಕ್ರಮವನ್ನು ಕಂಡು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನನಗೂ ತಾಯಿಮಕ್ಕಳನ್ನು ಅಗಲಿಸುವುದು ಹಿತವಲ್ಲ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಬಕೇಟಿನಲ್ಲಿ ಅಳತೆಯಿದೆ. ಕರುವಿನ ತೂಕ ಇಷ್ಟು, ಅದಕ್ಕೆ ಹಾಲು ಇಷ್ಟೆಂದು ಗೋಡೆಯ ಮೇಲೆ ಬರೆದಿರುತ್ತದೆ. ನಮ್ಮ ತಾತನವರ ಕೊಟ್ಟಿಗೆಯ ನಾಲ್ಕನೆಯ ಮೊಲೆಗೆ ಅಂಥ ರಕ್ಷಣೆಯಿರಲಿಲ್ಲ.

ಗಿಣ್ಣಿನ ಮಾತು ಉಳಿದಿದೆ. 1922ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಥಿಯೊಬಾಲ್ಡ್ ಸ್ಮಿತ್, ರಾಲ್ಫ್ ಲಿಟ್ಲ್ ಎಂಬ ಇಬ್ಬರು ವಿಜ್ಞಾನಿಗಳು ಕೆಲವು ಕರುಗಳಿಗೆ ಗಿಣ್ಣುಹಾಲನ್ನು ಕೊಟ್ಟು, ಕೆಲವಕ್ಕೆ ಅದನ್ನು ಬಿಡಿಸಿ ಬರಿಯ ಹಾಲನ್ನು ಕೊಟ್ಟು ನೋಡಿದರು. ಗಿಣ್ಣು ಕುಡಿದವು ಬದುಕಿದುವು. ಕುಡಿಯದವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತುವು. ಕಾರಣ ಈಗ ಸ್ಪಷ್ಟವಾಗಿದೆ. ಮನುಷ್ಯಶಿಶುವಿಗೆ ರೋಗವನ್ನು ತಡೆಯುವ ರಕ್ಷಕದ್ರವ್ಯಗಳು ಗರ್ಭದಲ್ಲಿದ್ದಾಗಲೇ ತಾಯಿಯ ರಕ್ತದಿಂದ ಬರುತ್ತವೆ. ಕರುವಿಗೆ ಹಾಗೆ ಬರುವುದಿಲ್ಲ. ಅದು ಬರಿಗೈಯಲ್ಲಿ ಭೂಮಿಗೆ ಬೀಳುವುದು. ಅದಕ್ಕೆ ಬೇಕಾದ ರಕ್ಷೆಯೆಲ್ಲವೂ ಆ ಹಳದಿಯ ಹಾಲಿನಲ್ಲಿದೆ. ಕರುವಿನ ಕರುಳು ಆ ರಕ್ಷೆಯನ್ನು ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಗಂಟೆಗಂಟೆಗೆ ಆ ಬಾಗಿಲು ಕಿರಿದಾಗುತ್ತ ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಮುಚ್ಚಿಹೋಗುವುದು. ಆದುದರಿಂದ ಇಪ್ಪತ್ತು ಕಿಲೋ ತೂಗುವ ನಾಡಕರುವಿಗೆ ಸುಮಾರು ಎರಡು ಕಿಲೋ ಗಿಣ್ಣುಹಾಲು ಮೊದಲ ದಿನವೇ, ಅದರಲ್ಲಿಯ ದೊಡ್ಡ ಭಾಗ ಹುಟ್ಟಿದ ಎರಡು ಮೂರು ಗಂಟೆಗಳಲ್ಲಿಯೇ, ಹೊಟ್ಟೆಗೆ ಸೇರಬೇಕು. ಗೌರಿಯ ಕರು ಮರುದಿನ ಮಧ್ಯಾಹ್ನ ಕುಡಿದಾಗ ಬಾಗಿಲು ಮುಚ್ಚಿದ್ದಿತು. ಮುದುಕನಿಗೆ ಪ್ರಿನ್ಸ್‌ಟನ್ನಿನ ಹೆಸರು ತಿಳಿಯದು. ತೀರ್ಪು ಮಾತ್ರ ಅದೇ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೆ? ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ತಿನ್ನಬಾರದ ವಸ್ತುಗಳನ್ನು ಹೇಳುವಾಗ, ಈದು ಹತ್ತು ದಿನವಾಗದ ಹಸುವಿನ ಹಾಲನ್ನೂ ಸೇರಿಸಿದೆ. ಶೌಚಾಶೌಚದ ನಿಯಮವೆಂದು ಅದನ್ನು ಓದುವುದು ರೂಢಿ, ಇರಬಹುದು. ಆದರೆ ಹತ್ತು ದಿನ ಮನುಷ್ಯನ ಕೈ ಕೆಚ್ಚಲಿಗೆ ಹೋಗದಿದ್ದರೆ ಕರುವಿಗೆ ಆಗುವ ಉಪಕಾರ ಕಣ್ಣಿಗೆ ಕಾಣುವಂಥದು. ತಮಾಷೆಯೆಂದರೆ, ಮಿಕ್ಕ ನಿಷೇಧಗಳನ್ನು ಚಾಚೂ ತಪ್ಪದೆ ನಡಸುವ ಮನೆಗಳಲ್ಲಿಯೂ ಗಿಣ್ಣಿಗೆ ಮಾತ್ರ ರಿಯಾಯಿತಿಯುಂಟು. ನಾಲಗೆಯ ಮುಂದೆ ಸ್ಮೃತಿ ನಿಲ್ಲಲಿಲ್ಲ. ನಾನೂ ಗಿಣ್ಣಿನ ಪ್ರಿಯನೇ. ದೂರುವ ಅಧಿಕಾರ ನನಗಿಲ್ಲ.

ಸಂಸ್ಥಾನಗಳು ಹೋದುವು, ತೋಪನ್ನು ಎಳೆಯುವ ಎತ್ತು ಅದಕ್ಕೂ ಮೊದಲೇ ಹೋಗಿದ್ದಿತು, ಉಳುವ ಎತ್ತಿನ ಸ್ಥಳಕ್ಕೆ ಟ್ರ್ಯಾಕ್ಟರು ಬಂದಿತು. ಅಮೃತಮಹಲಿನ ಕಾವಲುಗಳಲ್ಲಿ ಬಹುಭಾಗ ಉಳುಮೆಗೂ ಮನೆಗಳಿಗೂ ಬೇರೆ ಬೇರೆ ಕೆಲಸಗಳಿಗೂ ಹಂಚಿಹೋಗಿ, ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ಆ ತಳಿಯನ್ನು ಕಾಪಾಡಿಕೊಂಡು ಬರುತ್ತಿದ್ದಾರೆ. 1970ರಲ್ಲಿ ಪ್ರಾರಂಭವಾದ ಕ್ಷೀರಕ್ರಾಂತಿಯಿಂದ ಹಳ್ಳಿ ಹಳ್ಳಿಗೂ ಹಾಲಿನ ಸಂಘ ಬಂದು, ಬಡವರ ಮನೆಗೆ ವಾರವಾರವೂ ಹಣ ಬರುವಂತಾಯಿತು. ಅದು ಸಣ್ಣ ಉಪಕಾರವಲ್ಲ. ಅದನ್ನು ಹಳಿಯುವವನಿಗೆ ಹಳ್ಳಿಯ ಸಾಲದ ಕಷ್ಟ ಗೊತ್ತಿಲ್ಲ. ಆದರೆ ಸಂಘದಲ್ಲಿ ಲೀಟರಿಗೂ ಕೊಬ್ಬಿಗೂ ಬೆಲೆ ಕಟ್ಟುವರು. ಕರುವಿನ ಹೊಟ್ಟೆಗೆ ಹೋದ ಲೀಟರಿಗೆ ಬೆಲೆಯಿಲ್ಲ. ಹಾಲನ್ನೇ ಕೂಲಿಯಾಗಿ ಪಡೆಯುವವನ ವಿಷಯದಲ್ಲಿ ಕೌಟಿಲ್ಯನು ಅಂಜಿದ ಸ್ಥಿತಿಯಲ್ಲಿ ಈಗ ದನ ಸಾಕುವವರೆಲ್ಲರೂ ಇದ್ದಾರೆ, ತಮ್ಮ ತಪ್ಪಿನಿಂದಲ್ಲ. ಹೆಣ್ಣುಗರುವಾದರೆ ನಾಳೆಯ ಹಾಲಿನ ಆಸೆಯಿಂದ ಅಷ್ಟಿಷ್ಟು ಕುಡಿಸುವರು. ಗಂಡುಗರುವಿಗೆ ನೊಗವೂ ಇಲ್ಲ, ತೋಪೂ ಇಲ್ಲ. ಹೆಣ್ಣುಗರುವೇ ಹುಟ್ಟುವಂತೆ ಬೀಜವನ್ನು ವಿಂಗಡಿಸುವ ವಿದ್ಯೆಯೂ ಬಂದಿದೆ. ಅಂದರೆ ವ್ಯಾಜ್ಯದ ಒಬ್ಬ ಪಕ್ಷಗಾರನು ಹುಟ್ಟದಂತೆಯೇ ಮಾಡಿ ತೀರ್ಮಾನಿಸುವ ಪ್ರಯತ್ನ. ಹೈದರನ ಸೈನ್ಯವನ್ನು ನಡಸಿದ ಪ್ರಾಣಿಯ ಕಥೆ ಇಲ್ಲಿಗೆ ಬಂದು ನಿಂತಿದೆ.

ಗೌರಿಯ ಕರು ಸತ್ತ ಮರುವರ್ಷವೂ ನಾನು ತಾತನವರ ಹಳ್ಳಿಗೆ ಹೋಗಿದ್ದೆ. ಒಂದು ನಡುರಾತ್ರಿ ಮುದುಕನು ಜಗಲಿಯ ಮೇಲೆ ಮಲಗಿದ್ದ ನನ್ನನ್ನು ಎಬ್ಬಿಸಿ, ‘ಚಿಕ್ಕಬುದ್ಧಿಯೋರೆ, ಲಾಂದ್ರ ಹಿಡ್ಕೊಂಡು ಬನ್ನಿ’ ಎಂದನು. ಹೋಗುವಷ್ಟರಲ್ಲಿ ಕರು ನೆಲಕ್ಕೆ ಬಿದ್ದಿದ್ದಿತು. ಅವನು ಮೂಗಿನ ಲೋಳೆಯನ್ನು ಬೆರಳಿನಿಂದ ತೆಗೆದು, ಮೈಯನ್ನು ಒಣಹುಲ್ಲಿನಿಂದ ತಿಕ್ಕಿ, ತಾಯಿಯ ಮುಂದೆ ಸರಿಸಿ ನೆಕ್ಕಲು ಬಿಟ್ಟನು. ಅದು ಏಳಲು ಹೆಣಗಿತು, ಬಿದ್ದಿತು, ಮತ್ತೆ ಹೆಣಗಿತು. ಹೊಟ್ಟೆಯ ಕೆಳಗೆ ಕೈಕೊಟ್ಟು ನಿಲ್ಲಿಸು ಎಂದು ನನಗೆ ಸನ್ನೆ ಮಾಡಿದನು. ತಾನು ಮೊಲೆಯನ್ನು ಹಿಂಡಿ ಅದರ ಬಾಯಿಗೆ ನಾಲ್ಕು ಹನಿ ಬಿಟ್ಟನು. ಐದಾರು ಸಲ ಜಾರಿ, ಕೊನೆಗೆ ಬಾಯಿ ಹಿಡಿಯಿತು. ಒದ್ದೆಯ ಬಾಲ ಅಲುಗಿತು. ಅಷ್ಟರಲ್ಲಿ ಅಜ್ಜಿಯವರು ಎಚ್ಚತ್ತು ಕೈಯಲ್ಲಿ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಮುದುಕನು ತಲೆಯೆತ್ತದೆ, ‘ಅಮ್ಮಾವ್ರೆ, ಆ ಚೊಂಬ ಆಚೆಗೆ ಮಡಗಿ. ಇದರ ಪಾಲು ಇನ್ನೂ ತೀರಿಲ್ಲ’ ಎಂದನು. ಅಜ್ಜಿಯವರು ಚೊಂಬನ್ನು ಹೊಸ್ತಿಲ ಹೊರಗಿಟ್ಟು, ಒಳಗೆ ಬಂದು, ನನ್ನ ಕೈಯಿಂದ ಲಾಂದ್ರವನ್ನು ತೆಗೆದುಕೊಂಡು ತಾವೇ ಹಿಡಿದು ನಿಂತರು. ಆ ವರ್ಷ ಗಿಣ್ಣು ಆದದ್ದು ಮೂರನೆಯ ದಿನ. ಹೋದದ್ದು ನಾಲ್ಕು ಮನೆಗೆ.